ಮಾತ್ರೆಗೊಂದು ಒರೆಗಲ್ಲು

ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವ ಗೃಹಿಣಿ ಅದರ ತುದಿಯನ್ನು ಮುರಿದು ನೋಡುತ್ತಾಳೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾಳೆ. ಅಕ್ಕಿಯ ನಾಲ್ಕು ಕಾಳುಗಳನ್ನು ಹಲ್ಲಿಗೆ ಹಾಕಿ, ಹಳೆಯದೋ ಹೊಸದೋ ಎಂದು ಹೇಳಬಲ್ಲಳು. ಅಕ್ಕಸಾಲಿಗನ ಬಳಿ ಒರೆಗಲ್ಲುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಬಲ್ಲ ನಮ್ಮ ಹಿರಿಯರು ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡಿ, ನೀರಿನ ಪಾಲೆಷ್ಟೆಂದು ಊಹಿಸುತ್ತಿದ್ದರು. ಹೀಗೆ ದಿನಬಳಕೆಯ ಒಂದೊಂದು ವಸ್ತುವಿಗೂ ನಾವು ಒಂದೊಂದು ಪರೀಕ್ಷೆಯನ್ನು ಕಂಡುಕೊಂಡಿದ್ದೇವೆ.

ಔಷಧದ ಅಂಗಡಿಯ ಮೆಟ್ಟಿಲೇರಿದೊಡನೆ ಈ ಜಾಣತನವೆಲ್ಲವೂ ನಿಂತುಹೋಗುತ್ತದೆ. ಕೈಗೆ ಬಂದ ಬಿಳಿಯ ಮಾತ್ರೆಯನ್ನು ಮೂಸಿ ನೋಡಿದರೆ ಪ್ರಯೋಜನವಿಲ್ಲ, ಮುರಿದು ನೋಡಿದರೂ ಇಲ್ಲ. ಅದರೊಳಗೆ ಔಷಧವಿದೆಯೋ ಬರಿಯ ಸುಣ್ಣದ ಪುಡಿಯಿದೆಯೋ, ಇದ್ದರೆ ಎಷ್ಟಿದೆ, ಇದ್ದುದು ಹೊಟ್ಟೆಯಲ್ಲಿ ಕರಗಿ ರಕ್ತವನ್ನು ಸೇರುತ್ತದೆಯೋ ಇಲ್ಲವೋ—ಇವೊಂದನ್ನೂ ಕೊಳ್ಳುವವನು ತಿಳಿಯಲಾರ. ಕೊಡುವ ಅಂಗಡಿಯವನೂ ತಿಳಿಯಲಾರ. ಬರೆದುಕೊಟ್ಟ ವೈದ್ಯರೂ ತಿಳಿಯಲಾರರು. ಎಲ್ಲಿಯೋ ಯಾರೋ ನಮ್ಮ ಪರವಾಗಿ ಪರೀಕ್ಷಿಸಿದ್ದಾರೆ ಎಂಬ ನಂಬಿಕೆಯೊಂದರ ಮೇಲೆಯೇ ನಾವು ಅದನ್ನು ನುಂಗುತ್ತೇವೆ.

ಹಾಗಾದರೆ ಆ 'ಯಾರೋ' ಯಾರು? ಅವರು ಪರೀಕ್ಷಿಸುವುದಾದರೂ ಹೇಗೆ? ಈ ಪ್ರಶ್ನೆಗೆ ಜಗತ್ತು ಉತ್ತರವನ್ನು ಹುಡುಕಬೇಕಾಗಿ ಬಂದ ಪ್ರಸಂಗವೊಂದನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇವೆ. ಬಡರಾಷ್ಟ್ರಗಳ ಎಚ್.ಐ.ವಿ. ರೋಗಿಗಳಿಗಾಗಿ, ಬಹುಮಟ್ಟಿಗೆ ನಮ್ಮ ದೇಶದಲ್ಲಿಯೇ ತಯಾರಾದ ಅಗ್ಗದ ಔಷಧಗಳ ಕಥೆ ಇದು.

ಎಚ್.ಐ.ವಿ. ಎಂಬುದು ದೇಹದ ರಕ್ಷಣಾಶಕ್ತಿಯನ್ನೇ ಕೊರೆಯುವ ವೈರಸ್. ಅದನ್ನು ದೇಹದಿಂದ ಸಂಪೂರ್ಣವಾಗಿ ಹೊರಗಟ್ಟುವ ಔಷಧವು ದಿನನಿತ್ಯದ ಚಿಕಿತ್ಸೆಗೆ ಇನ್ನೂ ಒದಗಿಲ್ಲ. ಅದು ತಲೆಯೆತ್ತದಂತೆ ಅದುಮಿಡುವ ಔಷಧಗಳುಂಟು. 1996ರ ಹೊತ್ತಿಗೆ, ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ಸು ದೀರ್ಘಕಾಲ ಅಡಗಿರುತ್ತದೆಂಬುದು ಸಿದ್ಧವಾಯಿತು. ಆದರೆ ಈ ಔಷಧಗಳನ್ನು ಜೀವವಿರುವವರೆಗೂ ಪ್ರತಿದಿನ, ಹೊತ್ತಿಗೆ ಸರಿಯಾಗಿ ಸೇವಿಸಬೇಕು. ರಕ್ತದಲ್ಲಿ ಔಷಧದ ಪ್ರಮಾಣ ಕುಗ್ಗಿದರೆ ವೈರಸ್ಸು ಮತ್ತೆ ವೃದ್ಧಿಯಾಗತೊಡಗುತ್ತದೆ. ಅರೆಬರೆ ಔಷಧದ ನಡುವೆ ಬೆಳೆಯುತ್ತ ಬೆಳೆಯುತ್ತ, ಆ ಔಷಧಕ್ಕೆ ಬಗ್ಗದ ತಳಿಯೊಂದು ಹುಟ್ಟಿಕೊಳ್ಳುತ್ತದೆ. ಅನಂತರ ಒಳ್ಳೆಯ ಮಾತ್ರೆಯನ್ನೇ ಕೊಟ್ಟರೂ ಅದು ಕೆಲಸ ಮಾಡದು. ಆ ಬಗ್ಗದ ತಳಿ ಇನ್ನೊಬ್ಬರಿಗೆ ಅಂಟಿದರೆ ಅವರಿಗೂ ಅದೇ ಗತಿ. ಕಳಪೆ ತಲೆನೋವಿನ ಮಾತ್ರೆಯಿಂದ ಒಂದು ಸಂಜೆ ಕೆಡಬಹುದು, ಕಳಪೆ ಎಚ್.ಐ.ವಿ. ಮಾತ್ರೆಯಿಂದ ರೋಗಿಯ ಮುಂದಿನ ಚಿಕಿತ್ಸೆಯ ದಾರಿಯೇ ಮುಚ್ಚಿಹೋಗಬಹುದು.

ಇಷ್ಟು ಮುಖ್ಯವಾದ ಈ ಔಷಧಗಳು ಮೊದಲಲ್ಲಿ ಬಡವರ ಕೈಗೆ ಎಟುಕುವಂತಿರಲಿಲ್ಲ. ಪಾಶ್ಚಾತ್ಯ ರಾಷ್ಟ್ರಗಳಲ್ಲಿ ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಹತ್ತರಿಂದ ಹದಿನೈದು ಸಾವಿರ ಡಾಲರು ಬೇಕಾಗಿತ್ತು. ಅಂದಿನ ಲೆಕ್ಕದಲ್ಲಿ ಅದು ನಾಲ್ಕು ಲಕ್ಷ ರೂಪಾಯಿಗೂ ಮಿಗಿಲು. ಪೇಟೆಂಟ್ ಎಂಬ ಏಕಸ್ವಾಮ್ಯದ ಹಕ್ಕು ಇದ್ದುದರಿಂದ ಇತರರು ಅದನ್ನು ತಯಾರಿಸುವಂತಿರಲಿಲ್ಲ. ಆಫ್ರಿಕಾ ಖಂಡದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ ಅವರ ಔಷಧ ಬೇರೆ ಖಂಡದ ಕಪಾಟುಗಳಲ್ಲಿತ್ತು.

ನಮ್ಮ ದೇಶದ ಕಾಯಿದೆ ಬೇರೆಯಾಗಿತ್ತು. 1970ರ ಭಾರತೀಯ ಪೇಟೆಂಟ್ ಶಾಸನವು ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ನೀಡುತ್ತಿತ್ತು, ಔಷಧವಸ್ತುವಿಗೆ ನೀಡುತ್ತಿರಲಿಲ್ಲ. ಬೇರೊಂದು ವಿಧಾನದಿಂದ ಅದೇ ವಸ್ತುವನ್ನು ತಯಾರಿಸಲು ಯಾರಿಗೂ ಅಡ್ಡಿಯಿರಲಿಲ್ಲ. 2005ರಲ್ಲಿ ಈ ಶಾಸನ ಬದಲಾಯಿತು. ಅಷ್ಟರೊಳಗೆ ನಮ್ಮ ರಸಾಯನತಜ್ಞರು ಈ ವಿದ್ಯೆಯಲ್ಲಿ ಪಳಗಿದ್ದರು. 2001ರ ಫೆಬ್ರವರಿಯಲ್ಲಿ, ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು, ಗಡಿಗಳಾಚೆಯ ವೈದ್ಯರೆಂದು ಹೆಸರಾದ ಸೇವಾಸಂಸ್ಥೆಗೆ ಮೂರು ಔಷಧಗಳನ್ನು ಸೇರಿಸಿ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿನಂತೆ, ಎಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುವುದಾಗಿ ಘೋಷಿಸಿದರು. ಅಷ್ಟೇ ಅಲ್ಲ, ಮೂರು ಬೇರೆ ಬೇರೆ ಸಂಸ್ಥೆಗಳ ಹಕ್ಕಿನಲ್ಲಿದ್ದ ಸ್ಟಾವುಡಿನ್, ಲ್ಯಾಮಿವುಡಿನ್ ಮತ್ತು ನೆವಿರಪಿನ್ ಎಂಬ ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಅಡಕಗೊಳಿಸಲು ಭಾರತದಲ್ಲಿ ಸಾಧ್ಯವಾಯಿತು. ಬೆಳಗ್ಗೆ ಒಂದು, ರಾತ್ರಿ ಒಂದು. ಗಡಿಯಾರವಿಲ್ಲದ ಗುಡಿಸಲಿನಲ್ಲಿಯೂ ನೆನಪಿಡಬಹುದಾದ ಚಿಕಿತ್ಸೆ.

ಬೆಲೆ ಇಳಿದ ಕೂಡಲೆ ಸಂಶಯವೂ ಹುಟ್ಟಿತು. ಇಷ್ಟು ಅಗ್ಗವಾದುದು ಅಸಲಿಯಾಗಿರಲು ಸಾಧ್ಯವೇ? ಹೀಗೆ ಕೇಳಿದವರಲ್ಲಿ ಎರಡು ವರ್ಗದವರಿದ್ದರು. ತಮ್ಮ ವ್ಯಾಪಾರಕ್ಕೆ ಧಕ್ಕೆಯಾಗುವುದೆಂದು ಕೇಳಿದವರು ಕೆಲವರು. ರೋಗಿಯ ಹಿತವನ್ನು ನೆನೆದು ಕೇಳಿದವರು ಕೆಲವರು. ಕೇಳಿದವರ ಉದ್ದೇಶ ಏನೇ ಇರಲಿ, ಪ್ರಶ್ನೆ ಮಾತ್ರ ನ್ಯಾಯವಾದುದೇ ಆಗಿತ್ತು. ಬಡರಾಷ್ಟ್ರವೆಂದ ಮಾತ್ರಕ್ಕೆ ಅಲ್ಲಿನ ರೋಗಿಗೆ ಎರಡನೆಯ ದರ್ಜೆಯ ಔಷಧ ಸಾಕೆಂದು ಯಾರೂ ಹೇಳುವಂತಿಲ್ಲ. ಆದರೆ ಉತ್ತರಿಸಬೇಕಾದ ಸರ್ಕಾರಗಳಲ್ಲಿ ಎಷ್ಟೋ ಕಡೆ ಸುಸಜ್ಜಿತವಾದ ಪ್ರಯೋಗಶಾಲೆಯಾಗಲಿ ತರಬೇತಾದ ಪರೀಕ್ಷಕರಾಗಲಿ ಇರಲಿಲ್ಲ.

ಈ ಕೊರತೆಯನ್ನು ತುಂಬಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಪೂರ್ವಾರ್ಹತೆಯ ಯೋಜನೆಯೊಂದನ್ನು ಆರಂಭಿಸಿತು. ಔಷಧ ತಯಾರಕರು ತಾವಾಗಿ ಮುಂದೆ ಬಂದು ತಮ್ಮ ಮಾತ್ರೆಯ ಪೂರ್ವೋತ್ತರಗಳನ್ನೆಲ್ಲ ಬರಹದಲ್ಲಿ ಒಪ್ಪಿಸಬೇಕು. ಹಲವು ದೇಶಗಳ ತಜ್ಞರು ಅದನ್ನು ಸಾಲುಸಾಲಾಗಿ ಪರಿಶೀಲಿಸುವರು. ಬಳಿಕ ಕಾರ್ಖಾನೆಗೇ ಹೋಗಿ ನೋಡುವರು. ಎಲ್ಲವೂ ಒಪ್ಪಿಗೆಯಾದರೆ ಆ ಮಾತ್ರೆಯ ಹೆಸರು ಪಟ್ಟಿಗೆ ಸೇರುವುದು. ಮೊದಲ ಪಟ್ಟಿ 2002ರ ಮಾರ್ಚಿ ತಿಂಗಳಲ್ಲಿ ಪ್ರಕಟವಾಯಿತು. ಸ್ವಂತ ಪ್ರಯೋಗಶಾಲೆಯಿಲ್ಲದ ದೇಶವೂ, ದಾನದ ಹಣದಿಂದ ಔಷಧ ಕೊಳ್ಳುವ ಸಂಸ್ಥೆಯೂ ಈ ಪಟ್ಟಿಯನ್ನು ನೋಡಿ ಧೈರ್ಯವಾಗಿ ಕೊಳ್ಳಬಹುದು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೂ ಇಂಥದೇ ಮತ್ತೊಂದು ಬಾಗಿಲನ್ನು ತೆರೆಯಿತು. ಪೇಟೆಂಟಿನ ಕಾರಣದಿಂದ ಅಮೆರಿಕದಲ್ಲಿ ಮಾರಲಾಗದ ಔಷಧವಾದರೂ, ಗುಣದಲ್ಲಿ ಅಲ್ಲಿನ ಮಟ್ಟಕ್ಕೆ ಸಮನಾಗಿದ್ದರೆ, ಅಮೆರಿಕದ ನೆರವಿನ ಹಣದಿಂದ ಇತರ ದೇಶಗಳಿಗೆ ಕೊಳ್ಳಬಹುದೆಂದು ಅದು ಒಪ್ಪಿಗೆ ನೀಡತೊಡಗಿತು.

ಇನ್ನು ಪರೀಕ್ಷೆಯ ವಿಚಾರ. ಪ್ರಯೋಗಶಾಲೆಗೆ ಬಂದ ಮಾತ್ರೆಗೆ ಕೇಳುವ ಮೊದಲ ಪ್ರಶ್ನೆ, 'ನೀನು ಯಾರು?' ಎಂಬುದು. ಚೀಟಿಯ ಮೇಲೆ ಬರೆದ ಔಷಧವೇ ಒಳಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಎರಡನೆಯದು, 'ಎಷ್ಟಿದ್ದೀಯೆ?' ಮಾತ್ರೆಯನ್ನು ಕರಗಿಸಿ, ಆ ದ್ರವವನ್ನು ನುಣುಪಾದ ಪುಡಿ ತುಂಬಿದ ಸಣ್ಣ ಕೊಳವೆಯೊಂದರ ಮೂಲಕ ಒತ್ತಡದಿಂದ ಹಾಯಿಸುತ್ತಾರೆ. ದ್ರವದಲ್ಲಿರುವ ಬೇರೆ ಬೇರೆ ವಸ್ತುಗಳು ಆ ಪುಡಿಗೆ ಹೆಚ್ಚು ಕಡಿಮೆ ಅಂಟಿಕೊಳ್ಳುತ್ತ, ಒಂದರ ಹಿಂದೊಂದರಂತೆ ಬೇರೆ ಬೇರೆ ಕಾಲಕ್ಕೆ ಹೊರಬೀಳುತ್ತವೆ. ಜಾತ್ರೆಯ ಗುಂಪು ಕಿರಿದಾದ ಬಾಗಿಲಲ್ಲಿ ಒಬ್ಬೊಬ್ಬರಾಗಿ ಹೊರಬಂದಾಗ ಎಣಿಸಲು ಸುಲಭವಾಗುವಂತೆ, ಇಲ್ಲಿಯೂ ಒಂದೊಂದು ವಸ್ತುವಿನ ಪ್ರಮಾಣವನ್ನು ಯಂತ್ರವು ಅಳೆದು ಹೇಳುತ್ತದೆ. ಚೀಟಿಯಲ್ಲಿ ನೂರು ಎಂದಿದ್ದರೆ ಸಾಮಾನ್ಯವಾಗಿ 90ರಿಂದ 110ರೊಳಗೆ ಇರಬೇಕು. ಕೆಲವು ಔಷಧಗಳಿಗೆ ಮಿತಿ ಇನ್ನೂ ಬಿಗಿ. ಇದೇ ಯಂತ್ರವು ಅನಪೇಕ್ಷಿತವಾದ ಕಶ್ಮಲಗಳನ್ನೂ ಬೇರ್ಪಡಿಸಿ ತೋರಿಸುತ್ತದೆ. ಇನ್ನು, ಒಂದೇ ಡಬ್ಬಿಯ ಮಾತ್ರೆಗಳಲ್ಲಿ ಒಂದರಲ್ಲಿ ಹೆಚ್ಚು ಮತ್ತೊಂದರಲ್ಲಿ ಕಡಿಮೆ ಇರಬಾರದು. ಉಪ್ಪು ಸರಿಯಾಗಿ ಬೆರೆಯದ ಹಿಟ್ಟಿನ ರೊಟ್ಟಿ ಒಂದು ಕಡೆ ಸಪ್ಪೆ, ಒಂದು ಕಡೆ ಉಪ್ಪೋ ಉಪ್ಪು ಆಗುವುದಲ್ಲವೇ? ಮಾತ್ರೆಯ ಕಾರ್ಖಾನೆಯಲ್ಲಿಯೂ ಬೆರಕೆಯ ಕೆಲಸ ಅಷ್ಟೇ ನಾಜೂಕಾದುದು.

ಮೂರನೆಯ ಪ್ರಶ್ನೆ ಕರಗುವಿಕೆಯದು. ನಮ್ಮ ದೇಹದ ಶಾಖವಾದ 37 ಡಿಗ್ರಿಯಲ್ಲಿಟ್ಟ, ಸಾಮಾನ್ಯವಾಗಿ 900 ಮಿಲಿಲೀಟರಿನಷ್ಟು ದ್ರವದಲ್ಲಿ ಮಾತ್ರೆಯನ್ನು ಹಾಕಿ, ಗೊತ್ತಾದ ವೇಗದಲ್ಲಿ ಹುಟ್ಟು ತಿರುಗಿಸುತ್ತ, ಇಷ್ಟು ನಿಮಿಷಗಳಲ್ಲಿ ಇಷ್ಟು ಭಾಗ ಕರಗಿತೇ ಎಂದು ನೋಡುತ್ತಾರೆ. ಈ ಪರೀಕ್ಷೆಯನ್ನು ಯಾರೂ ಹಗುರವಾಗಿ ಎಣಿಸಬಾರದು. 1998ರಲ್ಲಿ ಅಬಾಟ್ ಎಂಬ ದೊಡ್ಡ ಅಮೆರಿಕನ್ ಸಂಸ್ಥೆಯ ರಿಟೊನವಿರ್ ಎಂಬ ಎಚ್.ಐ.ವಿ. ಔಷಧದ ಕ್ಯಾಪ್ಸೂಲುಗಳು ಇದ್ದಕ್ಕಿದ್ದಂತೆ ಈ ಪರೀಕ್ಷೆಯಲ್ಲಿ ಸೋತವು. ಔಷಧ ಅದೇ, ತೂಕ ಅದೇ. ಆದರೆ ಅದರ ಹರಳುಗಳು ತಮ್ಮ ಜೋಡಣೆಯನ್ನು ಬದಲಾಯಿಸಿಕೊಂಡು, ಸುಲಭವಾಗಿ ಕರಗದ ಹೊಸ ರೂಪವನ್ನು ತಾಳಿದ್ದವು. ಕಲ್ಲುಸಕ್ಕರೆಯೂ ಸಕ್ಕರೆಯೇ, ಬಾಯಲ್ಲಿ ಕರಗುವ ಹೊತ್ತು ಮಾತ್ರ ಬೇರೆ ಎಂಬುದನ್ನು ನೆನೆದರೆ ಈ ಕಷ್ಟದ ಸ್ಥೂಲಕಲ್ಪನೆ ಬಂದೀತು. ಆ ಕ್ಯಾಪ್ಸೂಲುಗಳ ತಯಾರಿಕೆ ನಿಲ್ಲಿಸಿ, ಔಷಧವನ್ನು ಹೊಸದಾಗಿ ರೂಪಿಸಬೇಕಾಗಿ ಬಂದಿತು.

ನಾಲ್ಕನೆಯದು ಬಾಳಿಕೆಯ ಪರೀಕ್ಷೆ. ಜಿನೀವಾದ ತಂಪಿನಲ್ಲಿ ಕೆಡದ ಮಾತ್ರೆ ಕಿನ್ಶಾಸಾದ ಸೆಖೆಯಲ್ಲಿ ಕೆಡಬಹುದು. ಆದ್ದರಿಂದ ಮಾತ್ರೆಗಳನ್ನು 40 ಡಿಗ್ರಿ ಶಾಖ, ನೂರಕ್ಕೆ 75ರಷ್ಟು ತೇವಾಂಶವುಳ್ಳ ಪೆಟ್ಟಿಗೆಯಲ್ಲಿ ಆರು ತಿಂಗಳ ಕಾಲ ಇಟ್ಟು ಸತಾಯಿಸುತ್ತಾರೆ. ಜೊತೆಗೆ ಉಷ್ಣದೇಶಗಳ ಹವೆಯನ್ನೇ ಅನುಕರಿಸುವ 30 ಡಿಗ್ರಿಯಲ್ಲಿ ದೀರ್ಘಕಾಲ ಇಟ್ಟು ನೋಡುತ್ತಾರೆ. ಡಬ್ಬಿಯ ಮೇಲೆ ಮುದ್ರಿಸುವ ಅವಧಿಯ ದಿನಾಂಕ ಇಂಥ ಪರೀಕ್ಷೆಗಳಿಂದ ಹೊರಡುತ್ತದೆ. ಅದು ಯಾರದೋ ಅಂದಾಜಲ್ಲ.

ಇಷ್ಟೆಲ್ಲ ಆದರೂ ಗಾಜಿನ ಪಾತ್ರೆಯೇ ಮನುಷ್ಯನ ಹೊಟ್ಟೆಯಲ್ಲ. ಆದಕಾರಣ ಕೊನೆಯದಾಗಿ ಸಮತೋಲದ ಪರೀಕ್ಷೆಯೊಂದುಂಟು. ಆರೋಗ್ಯವಂತರಾದ ಇಪ್ಪತ್ತು ಮೂವತ್ತು ಮಂದಿ ಸ್ವಯಂಸೇವಕರನ್ನು ಕರೆದು, ಅವರಲ್ಲಿ ಅರ್ಧ ಜನಕ್ಕೆ ಮೂಲ ಸಂಸ್ಥೆಯ ಮಾತ್ರೆಯನ್ನೂ ಉಳಿದರ್ಧಕ್ಕೆ ಜನರಿಕ್ ಎಂದು ಕರೆಯುವ ಅಗ್ಗದ ಮಾತ್ರೆಯನ್ನೂ ಕೊಡುತ್ತಾರೆ. ಮುಂದಿನ ಗಂಟೆಗಳಲ್ಲಿ ಹದಿನೈದಿಪ್ಪತ್ತು ಬಾರಿ ಸ್ವಲ್ಪ ಸ್ವಲ್ಪ ರಕ್ತವನ್ನು ತೆಗೆದು, ಔಷಧ ಎಷ್ಟು ಬೇಗ ಏರಿತು, ಎಷ್ಟು ಎತ್ತರಕ್ಕೆ ಏರಿತು, ಹೇಗೆ ಇಳಿಯಿತು ಎಂಬ ರೇಖೆಯನ್ನು ಬರೆಯುತ್ತಾರೆ. ಕೆಲವು ದಿನ ಬಿಟ್ಟು, ಮೊದಲನೆಯದನ್ನು ತಿಂದವರಿಗೆ ಎರಡನೆಯದು, ಎರಡನೆಯದನ್ನು ತಿಂದವರಿಗೆ ಮೊದಲನೆಯದು. ಒಬ್ಬನೇ ಮನುಷ್ಯನ ರಕ್ತದಲ್ಲಿ ಎರಡೂ ರೇಖೆಗಳು ಬಹುಮಟ್ಟಿಗೆ ಒಂದರ ಮೇಲೊಂದು ಕೂತರೆ ಎರಡೂ ಸಮಾನವೆಂದು ಒಪ್ಪುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಈ ಹೋಲಿಕೆಗೆ ವಿಧಿಸಿದ ಮಿತಿ ನೂರಕ್ಕೆ 80ರಿಂದ 125 ಎಂದು ಓದಿದವರು, ಅಗ್ಗದ ಮಾತ್ರೆಯಲ್ಲಿ ಔಷಧ ನೂರಕ್ಕೆ ಇಪ್ಪತ್ತು ಕಡಿಮೆಯಿದ್ದರೂ ನಡೆಯುತ್ತದೆಂದು ಭಾವಿಸುವುದುಂಟು. ಅದು ಸರಿಯಲ್ಲ. ಮಾತ್ರೆಯೊಳಗಿನ ತೂಕಕ್ಕೆ ಬೇರೆಯೇ ಮಿತಿಯಿರುವುದನ್ನು ಮೇಲೆ ನೋಡಿದೆವು. ಇಲ್ಲಿನ ಮಿತಿ ರಕ್ತದಲ್ಲಿ ಕಂಡ ಹೋಲಿಕೆಯದು. ಬರಿಯ ಸರಾಸರಿ ಅದರೊಳಗಿದ್ದರೆ ಸಾಲದು, ಮನುಷ್ಯರಿಂದ ಮನುಷ್ಯರಿಗೆ ಕಾಣುವ ಏರುಪೇರನ್ನು ಲೆಕ್ಕಕ್ಕೆ ಹಿಡಿದಾಗ ಬರುವ ಅನಿಶ್ಚಿತತೆಯ ಹರಹು ಪೂರ್ತಿಯಾಗಿ ಈ ಮಿತಿಯೊಳಗೆ ಅಡಗಬೇಕು. ಸರಾಸರಿಯೇ 80ರ ಅಂಚಿನಲ್ಲಿದ್ದರೆ ಆ ಹರಹು ಹೊರಚಾಚುವುದು ಖಂಡಿತ. ಅಮೆರಿಕದಲ್ಲಿ 1996ರಿಂದ 2007ರವರೆಗೆ ನಡೆದ 2070 ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರಕ್ತವನ್ನು ಸೇರಿದ ಔಷಧದ ಒಟ್ಟು ಪ್ರಮಾಣದಲ್ಲಿ ಮೂಲ ಮಾತ್ರೆಗೂ ಜನರಿಕ್ ಮಾತ್ರೆಗೂ ಇದ್ದ ಸರಾಸರಿ ವ್ಯತ್ಯಾಸ ನೂರಕ್ಕೆ ಮೂರೂವರೆಯ ಆಸುಪಾಸಿನಲ್ಲಿತ್ತು.

ಪರೀಕ್ಷೆಯ ವಿಧಾನವೇನೋ ಸೊಗಸಾಗಿದೆ. ಪರೀಕ್ಷಿಸುವವನೇ ಸೋಮಾರಿಯೋ ಸುಳ್ಳನೋ ಆದರೆ? ಈ ಆತಂಕ ನಿಜವಾಗಿಯೇ ಎದುರಾದದ್ದು 2004ರಲ್ಲಿ. ಔಷಧ ತಯಾರಕರ ಪರವಾಗಿ ಸಮತೋಲದ ಪರೀಕ್ಷೆಗಳನ್ನು ಗುತ್ತಿಗೆಯ ಮೇಲೆ ನಡೆಸಿಕೊಡುತ್ತಿದ್ದ ಪ್ರಯೋಗಶಾಲೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ತನಿಖೆಗಾರರು ಹೋಗಿ ಮೂಲ ದಾಖಲೆಗಳನ್ನು ಕೇಳಿದರು. ದಾಖಲೆಗಳು ಶಿಸ್ತಿಗೆ ಒಳಪಟ್ಟಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಸಿಪ್ಲಾದ ಎರಡು ಎಚ್.ಐ.ವಿ. ಔಷಧಗಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಆಗಸ್ಟಿನಲ್ಲಿ ರ‍್ಯಾನ್‌ಬ್ಯಾಕ್ಸಿಯ ಮೂರು ಔಷಧಗಳು ಹೋದವು. ನವೆಂಬರಿನಲ್ಲಿ ರ‍್ಯಾನ್‌ಬ್ಯಾಕ್ಸಿಯೂ ಹೈದರಾಬಾದಿನ ಹೆಟೆರೊ ಸಂಸ್ಥೆಯೂ ತಮ್ಮ ಎಚ್.ಐ.ವಿ. ಔಷಧಗಳನ್ನು ತಾವಾಗಿಯೇ ಪಟ್ಟಿಯಿಂದ ಹಿಂದಕ್ಕೆ ಪಡೆದವು.

ಆ ಹೊತ್ತಿನ ಸಂಕಟವನ್ನು ವಾಚಕರು ಊಹಿಸಿಕೊಳ್ಳಬೇಕು. ಹಿಂದಿನ ವರ್ಷ, 2003ರ ಡಿಸೆಂಬರಿನಲ್ಲಿ, 2005ರೊಳಗೆ ಬಡದೇಶಗಳ ಮೂವತ್ತು ಲಕ್ಷ ರೋಗಿಗಳಿಗೆ ಔಷಧ ಮುಟ್ಟಿಸುವೆನೆಂದು ಇದೇ ವಿಶ್ವ ಆರೋಗ್ಯ ಸಂಸ್ಥೆ ಸಂಕಲ್ಪ ಮಾಡಿತ್ತು. ಆ ಸಂಕಲ್ಪಕ್ಕೆ ಆಧಾರವಾದ ಔಷಧಗಳ ಹೆಸರನ್ನೇ ಅದು ಈಗ ಅಳಿಸಬೇಕಾಗಿತ್ತು. ಔಷಧವನ್ನು ನಡುವೆ ನಿಲ್ಲಿಸಿದರೆ ವೈರಸ್ಸು ಮೇಲೇಳುತ್ತದೆ. ಪರೀಕ್ಷೆ ಸರಿಯಾಗಿ ಆಗದ ಔಷಧವನ್ನು ಮುಂದುವರಿಸಿದರೂ ಅಪಾಯವಿಲ್ಲವೆಂದು ಹೇಳಲಾಗದು. ಈ ಮಾತ್ರೆಗಳು ಕೆಟ್ಟವೆಂದು ಸಿದ್ಧವಾಗಿರಲಿಲ್ಲ. ಒಳ್ಳೆಯವೆಂಬುದಕ್ಕಿದ್ದ ಸಾಕ್ಷ್ಯ ಕುಸಿದಿತ್ತು. ಎರಡಕ್ಕೂ ಅಂತರವುಂಟು. ಆದರೂ ಸಂಸ್ಥೆ ಹೆಸರನ್ನು ತೆಗೆಯಿತು, ತೆಗೆದುದನ್ನು ಲೋಕಕ್ಕೆ ಸಾರಿ ಹೇಳಿತು. ವಿರೋಧಿಗಳು 'ನಾವು ಹೇಳಲಿಲ್ಲವೇ' ಎಂದು ನಗುವರೆಂಬುದನ್ನು ಬಲ್ಲವರೇ ಹೀಗೆ ಮಾಡಿದರು. ಹೊಸದಾಗಿ, ಸರಿಯಾಗಿ ಪರೀಕ್ಷೆಗಳು ನಡೆದ ಬಳಿಕ ಸಿಪ್ಲಾದ ಆ ಎರಡು ಔಷಧಗಳು ಅದೇ ವರ್ಷದ ಕೊನೆಯಲ್ಲಿ ಪಟ್ಟಿಗೆ ಮರಳಿದವು. ತನಗೆ ಬೇಕಾದವನ ಚಿನ್ನವನ್ನೂ ಒರೆಗೆ ಹಚ್ಚಿ 'ಇದು ಸಾಲದು' ಎನ್ನಬಲ್ಲ ಅಕ್ಕಸಾಲಿಗನ ಮಾತಿಗೆ ಮಾತ್ರ ಬೆಲೆಯುಂಟು. ಆ ಪಟ್ಟಿಗೆ ನಿಜವಾದ ಬೆಲೆ ಬಂದದ್ದು 2004ರಲ್ಲಿ ಎಂದರೆ ತಪ್ಪಾಗದು.

ಎಲ್ಲ ಪ್ರಕರಣಗಳೂ ಹೀಗೆ ಸುಖಾಂತವಾಗಲಿಲ್ಲ. ರ‍್ಯಾನ್‌ಬ್ಯಾಕ್ಸಿಯ ಒಳಗೇ ಕೆಲಸ ಮಾಡುತ್ತಿದ್ದ ದಿನೇಶ್ ಠಾಕೂರ್ ಎಂಬ ಅಧಿಕಾರಿ, ಅಲ್ಲಿನ ಅಂಕಿ ಅಂಶಗಳಲ್ಲಿ ಸುಳ್ಳು ಸೇರಿದೆಯೆಂದು ಅಮೆರಿಕದ ಅಧಿಕಾರಿಗಳಿಗೆ ತಿಳಿಸಿದರು. ಬಹುವರ್ಷಗಳ ತನಿಖೆಯ ನಂತರ, 2013ರ ಮೇ ತಿಂಗಳಲ್ಲಿ ಆ ಸಂಸ್ಥೆಯ ಅಮೆರಿಕದ ಶಾಖೆ ನ್ಯಾಯಾಲಯದಲ್ಲಿ ಅಪರಾಧವನ್ನು ಒಪ್ಪಿಕೊಂಡಿತು. ದಂಡ ಮತ್ತು ಪರಿಹಾರವೆಂದು 50 ಕೋಟಿ ಡಾಲರು ತೆರಲು ಸಮ್ಮತಿಸಿತು. ಒಂದು ಕಾಲಕ್ಕೆ ದೇಶದ ಹೆಮ್ಮೆಯೆನಿಸಿದ್ದ ಆ ಸಂಸ್ಥೆ ಈಗ ಬೇರೊಂದರಲ್ಲಿ ಲೀನವಾಗಿದೆ. ಸುಳ್ಳು ಕಾಗದದ ಹೊರೆ ಸುಳ್ಳು ಬರೆದವರ ಮೇಲೆ ಮಾತ್ರ ಬೀಳಲಿಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದ್ದ ಇತರ ಭಾರತೀಯ ತಯಾರಕರೂ ಅದನ್ನು ಹೊರಬೇಕಾಯಿತು.

ಹಾಗೆಂದು ದೋಷ ಅಗ್ಗದ ಔಷಧಕ್ಕೆ ಮಾತ್ರ ಅಂಟಿದ್ದೆಂದು ತಿಳಿಯುವುದೂ ಸರಿಯಲ್ಲ. ರೋಶ್ ಎಂಬುದು ಸ್ವಿಟ್ಜರ್ಲೆಂಡಿನ ಹಳೆಯ, ಹೆಸರುವಾಸಿ ಸಂಸ್ಥೆ. 2007ರ ಜೂನಿನಲ್ಲಿ ಅದು ತನ್ನ ವಿರಾಸೆಪ್ಟ್ ಎಂಬ ಎಚ್.ಐ.ವಿ. ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಯಬೇಕಾಯಿತು. ಮಾತ್ರೆಗಳಿಂದ ವಿಚಿತ್ರವಾದ ವಾಸನೆ ಬರುತ್ತಿದೆಯೆಂಬ ದೂರುಗಳು ಬಂದಿದ್ದವು. ಹುಡುಕಿದಾಗ ಕಾರಣ ತಿಳಿಯಿತು: ತೊಟ್ಟಿಯೊಂದನ್ನು ಮದ್ಯಸಾರದಿಂದ ತೊಳೆದಿದ್ದರು, ಅದು ಪೂರ್ತಿಯಾಗಿ ಒಣಗುವ ಮೊದಲೇ ಮತ್ತೆ ಆಮ್ಲ ತುಂಬಿದ್ದರು, ಉಳಿದ ಮದ್ಯಸಾರವೂ ಆಮ್ಲವೂ ಕೂಡಿ, ಜೀವಕೋಶದ ವಂಶವಾಹಿಗಳಿಗೇ ಹಾನಿ ಮಾಡಬಲ್ಲ ವಸ್ತುವೊಂದು ಹುಟ್ಟಿ ಔಷಧದೊಳಗೆ ಸೇರಿಹೋಗಿತ್ತು. ಯೂರೋಪಿನಲ್ಲಿ ಅದರ ಮಾರಾಟದ ಅನುಮತಿಯನ್ನು ಕೆಲಕಾಲ ತಡೆಹಿಡಿದರು. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪಟ್ಟಿಯಲ್ಲಿ ಅದನ್ನು ಅಮಾನತಿನಲ್ಲಿಟ್ಟಿತು. ತೊಳೆದ ಪಾತ್ರೆಯನ್ನು ಒಣಗಿಸಿ ಬೋರಲು ಹಾಕಬೇಕೆಂಬುದು ನಮ್ಮ ಅಡುಗೆಮನೆಗಳಿಗೆಲ್ಲ ತಿಳಿದ ಮಾತು.

ಕೊನೆಯಲ್ಲಿ ಮಾತ್ರೆಯನ್ನು ಮಾತ್ರ ಪರೀಕ್ಷಿಸಿದರೆ ಸಾಲದೆಂಬ ಪಾಠ ಇದರಲ್ಲಿದೆ. ಪರೀಕ್ಷಕನು ತಾನು ಹುಡುಕುವುದನ್ನು ಮಾತ್ರ ಕಾಣುತ್ತಾನೆ. ಇರಲೇಬಾರದ, ಯಾರೂ ಊಹಿಸದ ವಸ್ತುವೊಂದು ಸೇರಿದರೆ ವಾಡಿಕೆಯ ಪರೀಕ್ಷೆಗೆ ಅದು ಸಿಕ್ಕದೆ ಹೋಗಬಹುದು. ಮೇಲಾಗಿ, ಹತ್ತು ಲಕ್ಷ ಮಾತ್ರೆಗಳಲ್ಲಿ ಪರೀಕ್ಷೆಗೆ ಒಡೆಯುವುದು ಬೆರಳೆಣಿಕೆಯಷ್ಟನ್ನು. ಆದ್ದರಿಂದಲೇ ತನಿಖೆಗಾರರು ಕಾರ್ಖಾನೆಗೆ ಹೋಗಿ, ಗಾಳಿ ಹೇಗೆ ಶೋಧಿಸಲ್ಪಡುತ್ತದೆ, ಪಾತ್ರೆ ಹೇಗೆ ತೊಳೆಯುತ್ತಾರೆ, ತೊಳೆದುದನ್ನು ಯಾರು ಬರೆದಿಡುತ್ತಾರೆ, ಬರೆದುದನ್ನು ಯಾರು ತಿದ್ದಿದ್ದಾರೆ ಎಂಬುದನ್ನೆಲ್ಲ ನೋಡುತ್ತಾರೆ. ಗುಣವೆಂಬುದು ಪ್ರತಿದಿನದ ಕೆಲಸದಲ್ಲಿ ಹುಟ್ಟಬೇಕು. ಪರೀಕ್ಷೆಯು ಅದನ್ನು ಸೃಷ್ಟಿಸಲಾರದು, ಇದೆಯೋ ಇಲ್ಲವೋ ಎಂದು ಹೇಳಬಲ್ಲುದು.

ಇವೆಲ್ಲಕ್ಕಿಂತ ಬೇರೆಯಾದ ಕೇಡೊಂದು ಉಂಟು—ಶುದ್ಧ ವಂಚನೆ. 2011ರಲ್ಲಿ ಕೀನ್ಯಾ ದೇಶದಲ್ಲಿ, ಹೆಟೆರೊ ಸಂಸ್ಥೆಯ ಜಿಡೊಲಾಮ್-ಎನ್ ಎಂಬ ಔಷಧದ ಹೆಸರಿನಲ್ಲಿ ನಕಲಿ ಮಾಲು ಕಾಣಿಸಿಕೊಂಡಿತು. ಡಬ್ಬಿ, ಚೀಟಿ, ಎಲ್ಲವೂ ಅಸಲಿನಂತೆ. ಒಳಗಿನ ಮಾತ್ರೆಗಳಲ್ಲಿ ಕೆಲವು ಮಾತ್ರ ಬಣ್ಣಗೆಟ್ಟು ಪುಡಿಯಾಗುತ್ತಿದ್ದವು. ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆಯನ್ನು ಹೊರಡಿಸಿತು. ಕಾರ್ಖಾನೆ ಎಷ್ಟೇ ಚೊಕ್ಕಟವಾಗಿದ್ದರೂ, ಕಾರ್ಖಾನೆಗೂ ರೋಗಿಗೂ ನಡುವಣ ಹಾದಿಯಲ್ಲಿ ಕಳ್ಳರಿಗೆ ಎಡೆಯುಂಟು. ಡಬ್ಬಿಯ ಮೇಲಿನ ತಂಡದ ಸಂಖ್ಯೆಯನ್ನು ತಯಾರಕರ ದಾಖಲೆಯೊಡನೆ ತಾಳೆ ನೋಡುವುದು, ಗೋದಾಮಿನಿಂದ ಗೋದಾಮಿಗೆ ಲೆಕ್ಕವಿಡುವುದು—ಬೇಸರ ತರಿಸುವ ಈ ಕೆಲಸಗಳೇ ಇಲ್ಲಿ ಕಾವಲು.

ಹಾಗಾದರೆ ಒಟ್ಟಿನಲ್ಲಿ ಈ ಅಗ್ಗದ ಔಷಧಗಳು ನಂಬತಕ್ಕವೇ? ಇದಕ್ಕೆ ರೋಗಿಗಳೇ ಸಾಕ್ಷಿ. ಆಫ್ರಿಕಾದ ಕ್ಯಾಮರೂನಿನಲ್ಲಿ ಮೂರು ಔಷಧಗಳ ಆ ಒಂದೇ ಮಾತ್ರೆಯನ್ನು 60 ರೋಗಿಗಳಿಗೆ ಕೊಟ್ಟು ನಡೆಸಿದ ಅಧ್ಯಯನ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಪ್ಪತ್ತನಾಲ್ಕು ವಾರಗಳ ಕೊನೆಗೆ ನೂರಕ್ಕೆ ಎಂಬತ್ತರಷ್ಟು ಮಂದಿಯ ರಕ್ತದಲ್ಲಿ ವೈರಸ್ಸು ಅತ್ಯಲ್ಪಕ್ಕೆ ಇಳಿದಿತ್ತು; ದುಬಾರಿ ಔಷಧಗಳಿಂದ ಸಿಗುತ್ತಿದ್ದ ಫಲಕ್ಕೆ ಇದು ಹೋಲುತ್ತಿತ್ತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಫ್ರಿಕಾದ ಏಳು ದೇಶಗಳಿಂದ ಸುಮಾರು ನಾನೂರು ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿತು. ಸೋತವು ನೂರಕ್ಕೆ ಎರಡಕ್ಕಿಂತ ಕಡಿಮೆ. ಅವುಗಳಲ್ಲಿಯೂ ರೋಗಿಗೆ ತೀವ್ರ ಅಪಾಯ ತರುವಂಥ ದೋಷ ಯಾವುದರಲ್ಲಿಯೂ ಇರಲಿಲ್ಲ. ಕಾವಲು ಬಿಗಿಯಾಗಿರುವ ಕಡೆ ಅಗ್ಗದ ಔಷಧ ಕಳಪೆಯಾಗಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಕೇ?

ಮುಂದೆ ಚಿಕಿತ್ಸೆಯೂ ಬದಲಾಯಿತು. ಅಡ್ಡಪರಿಣಾಮಗಳ ಕಾರಣದಿಂದ ಸ್ಟಾವುಡಿನ್ ಔಷಧವನ್ನು ಕ್ರಮೇಣ ಕೈಬಿಡಬೇಕೆಂದು 2009ರಲ್ಲಿ ಸಲಹೆ ಬಂದಿತು. 2019ರಲ್ಲಿ ಡೊಲುಟೆಗ್ರವಿರ್ ಎಂಬ ಹೊಸ ಔಷಧವನ್ನು ಒಳಗೊಂಡ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ಥಾನವನ್ನಿತ್ತಿತು. ಈ ಔಷಧವನ್ನೊಳಗೊಂಡ, ದಿನಕ್ಕೊಂದು ಮಾತ್ರೆಯ ಚಿಕಿತ್ಸೆಯ ವರ್ಷದ ಬೆಲೆ 2023ರಲ್ಲಿ 45 ಡಾಲರಿಗಿಂತ ಕೆಳಗಿಳಿಯಿತು. ಹತ್ತು ಸಾವಿರದಿಂದ ನಲವತ್ತೈದಕ್ಕೆ! ಇದರಲ್ಲಿ ನಮ್ಮವರ ಪಾಲು ದೊಡ್ಡದು. 2003ರಿಂದ 2008ರವರೆಗಿನ ಖರೀದಿಯ ಲೆಕ್ಕವನ್ನು ನೋಡಿದ ಸಂಶೋಧಕರು, ದಾನದ ಹಣದಿಂದ ಬಡರಾಷ್ಟ್ರಗಳಿಗೆ ಕೊಂಡ ಈ ಔಷಧಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾರತದಿಂದ ಹೋದುವೆಂದು ಕಂಡರು. ಮುಂಬಯಿ, ಹೈದರಾಬಾದುಗಳ ಜೊತೆಗೆ ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಸಂಸ್ಥೆಯೂ ಇಂಥ ಔಷಧಗಳಿಗೆ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದವುಗಳಲ್ಲಿ ಒಂದು.

ನಮ್ಮ ರಾಜ್ಯಕ್ಕೂ ಈ ಕಥೆಗೂ ಇನ್ನೊಂದು ಸಂಬಂಧವುಂಟು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರವು ಎಚ್.ಐ.ವಿ. ರೋಗಿಗಳಿಗೆ ಉಚಿತ ಔಷಧ ಕೊಡಲು ಆರಂಭಿಸಿದಾಗ, ರೋಗ ಹೆಚ್ಚಾಗಿದ್ದ ಆರು ರಾಜ್ಯಗಳನ್ನು ಮೊದಲು ಆರಿಸಿಕೊಂಡಿತು. ಅವುಗಳಲ್ಲಿ ಕರ್ನಾಟಕವೂ ಒಂದು. ಪಟ್ಟಿಯಿಂದ ಔಷಧಗಳ ಹೆಸರು ಅಳಿಸಿಹೋದ ಆ ವರ್ಷವೇ ನಮ್ಮ ಸರ್ಕಾರಿ ಆಸ್ಪತ್ರೆಗಳ ಮುಂದೆ ರೋಗಿಗಳು ಮೊದಲ ಡಬ್ಬಿಗಾಗಿ ಸಾಲುನಿಂತ ವರ್ಷವೂ ಆಗಿತ್ತು. ಪರೀಕ್ಷೆಯೆಂಬುದು ಜಿನೀವಾದ ಮೇಜಿನ ಮೇಲಿನ ಚರ್ಚೆಯಲ್ಲ, ಆ ಸಾಲಿನಲ್ಲಿ ನಿಂತವರ ನಾಳೆಯ ಪ್ರಶ್ನೆ.

ಈಗ ಮತ್ತೊಂದು ಕಾಲ ಬಂದಿದೆ. 2025ರ ಜನವರಿಯಲ್ಲಿ ಅಮೆರಿಕವು ವಿದೇಶೀ ನೆರವನ್ನು ತಡೆಹಿಡಿದಾಗ ಹಲವು ದೇಶಗಳ ಎಚ್.ಐ.ವಿ. ಚಿಕಿತ್ಸಾಲಯಗಳು ತತ್ತರಿಸಿದವು. ಕೈಯಲ್ಲಿ ಹಣ ಕಡಿಮೆಯಾದಾಗ ಮನೆಯ ಯಜಮಾನ ಮೊದಲು ಎಲ್ಲಿ ಕಡಿತ ಮಾಡುತ್ತಾನೆ? ಕಣ್ಣಿಗೆ ಕಾಣದ ಖರ್ಚಿನಲ್ಲಿ. ಪರೀಕ್ಷೆಯ ಖರ್ಚು ಅಂಥದು. ತನಿಖೆಗಾರನೊಬ್ಬನನ್ನು ಕಡಿಮೆ ಮಾಡಿದರೆ ಅಂದೇ ಯಾರೂ ಸಾಯುವುದಿಲ್ಲ. ಫೋಟೋ ತೆಗೆಯುವಂಥ ಘಟನೆಯೂ ನಡೆಯುವುದಿಲ್ಲ. ವರ್ಷಗಳ ನಂತರ ಎಲ್ಲಿಯೋ ಒಂದು ಊರಿನಲ್ಲಿ ಔಷಧಕ್ಕೆ ಬಗ್ಗದ ವೈರಸ್ಸು ಕಾಣಿಸಿಕೊಂಡಾಗ, ಅದಕ್ಕೂ ಇದಕ್ಕೂ ಗಂಟು ಹಾಕಿ ನೋಡುವವರು ಯಾರೂ ಇರುವುದಿಲ್ಲ.

ಹೊರದೇಶಕ್ಕೆ ಹೋಗುವ ಮಾತ್ರೆಗೆ ಒಂದು ಒರೆಗಲ್ಲು, ನಮ್ಮೂರಿನ ಅಂಗಡಿಗೆ ಬರುವ ಮಾತ್ರೆಗೆ ಇನ್ನೊಂದು ಆಗಬಾರದೆಂಬುದೂ ಈ ಕಥೆಯಿಂದ ಹೊರಡುವ ನೀತಿ. 2017ರಲ್ಲಿ ಭಾರತ ಸರ್ಕಾರವು, ಸುಲಭವಾಗಿ ಕರಗದ ಔಷಧಗಳ ಜನರಿಕ್ ತಯಾರಿಕೆಗೆ ಸಮತೋಲದ ಪರೀಕ್ಷೆ ಕಡ್ಡಾಯವೆಂದು ನಿಯಮ ಮಾಡಿದೆ. ನಿಯಮ ಒಳ್ಳೆಯದು. ಅದು ಕಾಗದದಿಂದ ಕಾರ್ಖಾನೆಗೆ ಇಳಿಯಬೇಕಾದರೆ ಪ್ರಯೋಗಶಾಲೆಗಳು ಬೇಕು, ಅವುಗಳಲ್ಲಿ ಕೆಲಸ ಬಲ್ಲವರು ಬೇಕು, ಅವರ ವರದಿಗಳನ್ನು ಮುಚ್ಚಿಡದೆ ಪ್ರಕಟಿಸುವ ಧೈರ್ಯವೂ ಬೇಕು.

ಔಷಧ ಸೇವಿಸುತ್ತಿರುವ ವಾಚಕರಿಗೆ ಒಂದು ಮಾತು. ಇದನ್ನೋದಿ ಗಾಬರಿಗೊಂಡು ಯಾರೂ ತಮ್ಮ ಮಾತ್ರೆಯನ್ನು ನಿಲ್ಲಿಸಬಾರದು. ನಿಲ್ಲಿಸುವುದರಿಂದಾಗುವ ಹಾನಿ ಖಚಿತ. ರಸೀದಿ ಪಡೆದು ಕೊಳ್ಳಿ. ಡಬ್ಬಿಯ ಮೇಲಿನ ತಂಡದ ಸಂಖ್ಯೆಯನ್ನೂ ಅವಧಿಯ ದಿನಾಂಕವನ್ನೂ ನೋಡಿ. ಬಣ್ಣ, ವಾಸನೆ, ಆಕಾರಗಳಲ್ಲಿ ಎಂದಿಲ್ಲದ ವ್ಯತ್ಯಾಸ ಕಂಡರೆ ಸಂಕೋಚಪಡದೆ ವೈದ್ಯರಿಗೆ ತೋರಿಸಿ. ರೋಶ್ ಸಂಸ್ಥೆಯ ದೋಷವನ್ನು ಮೊದಲು ಹಿಡಿದದ್ದು ಮನುಷ್ಯರ ಮೂಗು ಎಂಬುದನ್ನು ಮರೆಯಬೇಡಿ. ಉಳಿದುದನ್ನು ನಾವು ನೀವು ಮಾಡಲಾರೆವು. ಅದನ್ನು ಮಾಡುವ ಕಾಣದ ಕೈಗಳಿಗೆ ಸಂಬಳವನ್ನೂ ಸ್ವಾತಂತ್ರ್ಯವನ್ನೂ ಕೊಡಿರೆಂದು ಆಳುವವರನ್ನು ಕೇಳಬಲ್ಲೆವು.